ಕೈ ಈಡೋ, ಕಾರ್ಖಾನೆ ತೋಟಾವೋ?

ಬೆಳೆ ಕಾಯುವ ಕೋವಿಗೆ ಕೈಯಲ್ಲಿ ತುಂಬಿದ ಈಡು ಒಳ್ಳೆಯದೋ, ಕಾರ್ಖಾನೆಯ ತೋಟಾ ಒಳ್ಳೆಯದೋ? ಇದು ಹುಣಸೂರಿನ ಓದುಗರೊಬ್ಬರ ಪ್ರಶ್ನೆ.

ಅಮೆರಿಕದಲ್ಲಿ ಹೊಲ ಕೆಡಿಸುವ ಪ್ರಾಣಿಗಳಿಗೆ ಗುರಿಯಿಡುವ ಹಲವರು ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಾರೆ. ತಮ್ಮ ರೈಫಲ್ಲಿಗೆ ಒಪ್ಪುವ ಅಳತೆ ಸಿಕ್ಕರೆ ಗುರಿ ಚೊಕ್ಕ.

ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನ ಕಥೆ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಮೊದಲು ಹೆಸರಿಸುವುದೇ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದರಲ್ಲಿ ಪ್ರತಿ ಈಡೂ ಕೈಯಳತೆಯದೇ! ಮಳೆಗಾಲದ ತೇವಕ್ಕೆ ಮದ್ದು ಕೈಕೊಡುತ್ತದೆ. ಒಂದು ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಹಂದಿ ಪಕ್ಕದ ಹೊಲದಲ್ಲಿರುತ್ತದೆ. ಆ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿಗೂ ಪರವಾನಗಿ ಕೊಡಬಹುದು. ಕಾರ್ಖಾನೆ ತೋಟಾ ತೇವವನ್ನು ಚೆನ್ನಾಗಿ ತಡೆಯುತ್ತದೆ, ಅಳತೆಯೂ ಏಕರೂಪ.

ಹಂದಿ ಹೊಡೆಯಲು ಮಾತ್ರ ಕೋವಿ ಪರವಾನಗಿ ಸಾಲದು, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಬೆದರಿಸುವ ಸದ್ದಿಗಷ್ಟೇ ಆದರೆ ಹಳೆಯ ಕೋವಿಯೇ ಧಾರಾಳ.