ಕೌದಿಯಂಥ ಆಕಾಶ

ಮೂಡಲಗಿಯ ಆ ಮನೆಯ ಮಹಡಿ ಕೋಣೆ ಟಾಕೀಸಾಗಿತ್ತು. ಕಿಟಕಿಗೆ ದಪ್ಪ ಪರದೆ, ಗೋಡೆಗೆ ಕಪ್ಪು ಬಣ್ಣ, ಎದುರಿಗೆ ಗೋಡೆಯಗಲದ ಟಿವಿ. ಗೋಕಾಕದಿಂದ ಕರದಂಟು ಕಟ್ಟಿಸಿಕೊಂಡು ಬಂದ ಬೀಗರನ್ನು ಕೂರಿಸಿ ಯಜಮಾನರು ಇಂಟರ್ನೆಟ್ಟಿನಿಂದ ಸಿನಿಮಾ ಹಚ್ಚಿದರು. ಹಾಡು ಮುಗಿಯಿತು, ಹಗಲು ಕಳೆಯಿತು, ನಾಯಕ ರಾತ್ರಿಯ ಹೊಲದಲ್ಲಿ ನಡೆಯತೊಡಗಿದ. ಆಗ ಆಕಾಶ ಚೂರಾಯಿತು. ಕಡುನೀಲಿಯ ತುಂಬ ಸಣ್ಣ ಸಣ್ಣ ಚೌಕಗಳು, ಕೌದಿಗೆ ತೇಪೆ ಹಚ್ಚಿದ ಹಾಗೆ, ನಾಯಕನ ತಲೆಯ ಹಿಂದೆ ಅಲುಗಾಡಿದವು.

"ವೈರ್ ಹಳೇದಾಗೇತಿ, ಬದಲಿ ಮಾಡ್ರಿ" ಎಂದ ಹುಕ್ಕೇರಿಯಿಂದ ಬಂದ ಮೆಕ್ಯಾನಿಕ್. ವೈರ್ ಬದಲಾಯಿತು, ಚೌಕ ಹೋಗಲಿಲ್ಲ. "ಬೆಳಕ ಹೆಚ್ಚು ಮಾಡ್ರಿ ಮಾಮಾ" ಎಂದ ಅಳಿಯ. ಬ್ರೈಟ್‌ನೆಸ್ ಏರಿತು, ಚೌಕಗಳು ಇನ್ನಷ್ಟು ಎದ್ದವು. ಶಾರ್ಪ್‌ನೆಸ್ ಏರಿಸಿದಾಗಲಂತೂ ಒಂದೊಂದರ ಅಂಚೂ ಉಳಿಯಲ್ಲಿ ಕೊರೆದಂತೆ ಕಂಡಿತು. ಅವುಗಳ ಹುಟ್ಟೂರು ಮೂಡಲಗಿಯಲ್ಲಿರಲಿಲ್ಲ. ಅದು ಅರ್ಧ ಶತಮಾನದ ಹಿಂದಿನ ಕ್ಯಾನ್ಸಾಸಿನಲ್ಲಿತ್ತು. ಸೋಜಿಗವೆಂದರೆ ಅಲ್ಲಿ ಅವುಗಳ ಹಿಂದಿನ ಲೆಕ್ಕ ಬರೆದವರು ಬೆಂಗಳೂರಿನವರು.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅಮೆರಿಕದ ದಾರಿ ಹಿಡಿದರು. ನ್ಯೂ ಮೆಕ್ಸಿಕೋದಲ್ಲಿ ಪಿಎಚ್.ಡಿ., ಎರಡು ವರ್ಷ ಹನಿವೆಲ್ ಕಂಪನಿಯ ನೌಕರಿ, 1968ರಲ್ಲಿ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಿಕೆ.

ಆ ಕಾಲಕ್ಕೆ ಚಿತ್ರವನ್ನು ಅಂಕಿಗಳಲ್ಲಿ ಬರೆಯುವ ವಿದ್ಯೆಯವರನ್ನೆಲ್ಲ ಕಾಡುತ್ತಿದ್ದುದು ಒಂದೇ ಪ್ರಶ್ನೆ: ಚಿತ್ರದ ರಾಶಿ ಅಂಕಿಗಳನ್ನು ಹೇಗೆ ಹಿಂಡಿ ಸಣ್ಣದು ಮಾಡುವುದು? ಅತ್ಯುತ್ತಮ ದಾರಿ ಯಾವುದೆಂಬುದು ಗೊತ್ತೇ ಇತ್ತು. ಅದಕ್ಕೆ ಕರ್ಹುನೆನ್–ಲೋಯೆವ್ ಪರಿವರ್ತನೆ ಎಂದು ಹೆಸರು. ಆದರೆ ಅದು ಊರಿಗೊಂದು ಅಳತೆ ಕೇಳುವ ದರ್ಜಿಯಂತೆ, ದತ್ತಾಂಶ ಬದಲಾದಂತೆಲ್ಲ ಲೆಕ್ಕವನ್ನು ಮೊದಲಿಂದ ಕೇಳುತ್ತಿತ್ತು. ಯಾವ ಯಂತ್ರಕ್ಕೂ ಅಷ್ಟು ವ್ಯವಧಾನವಿರಲಿಲ್ಲ. ಆ ಪರಿವರ್ತನೆಯ ಅಲೆಗಳ ಆಕಾರ ನೋಡುತ್ತಿದ್ದ ಅಹ್ಮದ್ ಅವರಿಗೆ ಅನುಮಾನವೊಂದು ಹೊಳೆಯಿತು. ಇವು ಕೊಸೈನ್ ಅಲೆಗಳ ಹಾಗೇ ಇವೆಯಲ್ಲ! ಹಾಗಿದ್ದರೆ ಪ್ರತಿಸಲ ಅಳತೆ ಯಾಕೆ, ಹೊಲಿದಿಟ್ಟ ಕೊಸೈನೇ ಎಲ್ಲರಿಗೂ ಒಪ್ಪಬಾರದೇಕೆ?

1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಬರಲಿಲ್ಲ. ವಿಚಾರ ತೀರಾ ಸರಳವಾಯಿತು ಎನ್ನುವುದು ಒಬ್ಬ ಪರೀಕ್ಷಕರ ತಕರಾರು. ಸರಳವಾದದ್ದನ್ನು ಕಂಡರೆ ಪಂಡಿತರಿಗೆ ಯಾವ ಕಾಲಕ್ಕೂ ಅನುಮಾನವೇ!

ಬೇರೆಯವರಾಗಿದ್ದರೆ ಕಡತ ಕಟ್ಟಿಡುತ್ತಿದ್ದರು. 1973ರ ಬೇಸಿಗೆಯಲ್ಲಿ ಅಹ್ಮದ್ ಉಳಿದ ಕೆಲಸಗಳನ್ನೇ ಕಟ್ಟಿಟ್ಟರು. ಜೊತೆಗಿದ್ದವರು ಇಬ್ಬರು: ಶಿಷ್ಯ ಟಿ. ನಟರಾಜನ್, ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಪಾಠ ಹೇಳುತ್ತಿದ್ದ ಕೆ.ಆರ್. ರಾವ್. ಫೂರಿಯೆ, ವಾಲ್ಶ್, ಹಾರ್ ಎಂಬ ಹಳೆಯ ವಿಧಾನಗಳ ಪಕ್ಕ ಕೊಸೈನನ್ನು ನಿಲ್ಲಿಸಿ ಅಳೆದರು. ಕೊಸೈನ್ ಎಲ್ಲವನ್ನೂ ಹಿಂದೆ ಹಾಕಿ ಆ ದುಬಾರಿ ದರ್ಜಿಯ ಬೆನ್ನಿಗೇ ಬಂದು ನಿಂತಿತು. ಅಹ್ಮದ್ ಅವರಿಗೇ ಅಚ್ಚರಿಯಾಯಿತು. ಆ ವರ್ಷ ನ್ಯೂ ಆರ್ಲಿಯನ್ಸ್‌ನ ಸಮ್ಮೇಳನವೊಂದರಲ್ಲಿ ಹ್ಯಾರಿ ಆಂಡ್ರ್ಯೂಸ್ ಎಂಬ ತಜ್ಞರ ಮುಂದೆ ಫಲಿತಾಂಶ ಹಿಡಿದರು. ಇನ್ನೊಂದು ಒರೆಗಲ್ಲಿಗೂ ಹಚ್ಚಿ ನೋಡಿ ಎಂದರು ಅವರು. ಹಚ್ಚಿದರು. ಕೊಸೈನ್ ಅಲ್ಲಿಯೂ ಗೆದ್ದಿತು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ನಾಲ್ಕೇ ಪುಟದ ಲೇಖನ ಅಚ್ಚಾಯಿತು. ಮುಂದೆ ಜೆಪೆಗ್ ಫೋಟೊ, ಡಿವಿಡಿ, ಬ್ಲೂ-ರೇ ಎಲ್ಲವೂ ಆ ಲೆಕ್ಕವನ್ನೇ ನೆಚ್ಚಿಕೊಂಡವು.

ನೆಚ್ಚದೆ ಗತಿಯೂ ಇರಲಿಲ್ಲ. 1920 ಗುಣಿಲೆ 1080 ಚುಕ್ಕೆ, ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 24 ಚಿತ್ರ ಎಂದರೆ ಎರಡೂವರೆ ಗಂಟೆಯ ಸಿನಿಮಾ 1,300 ಗಿಗಾಬೈಟ್ ದಾಟುತ್ತಿತ್ತು. ಎರಡು ಪದರದ ಬ್ಲೂ-ರೇ ಡಿಸ್ಕಿನಲ್ಲಿದ್ದ ಜಾಗ 50.

ಮೂಡಲಗಿಯ ಚೌಕಗಳ ಗುಟ್ಟೂ ಇಲ್ಲೇ ಇತ್ತು. ಹಿಂಡುವ ಯಂತ್ರ ಚಿತ್ರವನ್ನು ಸಾಮಾನ್ಯವಾಗಿ ಎಂಟಕ್ಕೆಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತಿತ್ತು. ಅಂಥ ಪ್ರತಿ ಚೌಕವನ್ನೂ 64 ಕೊಸೈನ್ ವಿನ್ಯಾಸಗಳ ಮಿಶ್ರಣವಾಗಿ ಬರೆದು, ಕಣ್ಣಿಗೆ ತಿಳಿಯದ ಅತಿಸೂಕ್ಷ್ಮ ಅಲೆಗಳನ್ನು ಕೈಬಿಡುತ್ತಿತ್ತು. ಇಂಟರ್ನೆಟ್ಟಿನ ದಾರಿ ಕಿರಿದಾದಾಗ ಬೇಕಾದದ್ದನ್ನೂ ಬಿಟ್ಟಿತು. ಕತ್ತಲ ಆಕಾಶದ ಸೂಕ್ಷ್ಮ ಛಾಯೆಗಳೇ ಮೊದಲು ಹೋದವು. ಚೌಕಕ್ಕೊಂದೇ ಬಣ್ಣ ಉಳಿದು, ಅಕ್ಕಪಕ್ಕದವು ಹೊಂದದೆ ಗೆರೆ ಮೂಡಿತು. ಶಾರ್ಪ್‌ನೆಸ್ ಆ ಗೆರೆಯನ್ನೇ ತಿದ್ದಿ ತೀಡಿತು.

ಮರುವಾರ ಯಜಮಾನರು ಟಿವಿಯನ್ನು ಸಿನಿಮಾ ಮೋಡ್‌ಗೆ ತಂದು, ಶಾರ್ಪ್‌ನೆಸ್ ಇಳಿಸಿ, ಅದೇ ಚಿತ್ರದ ಡಿಸ್ಕ್ ಹಾಕಿದರು. ರಾತ್ರಿಯ ಹೊಲ ಬಂದಾಗ ಅಳಿಯ ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆಕಾಶವನ್ನು ತಡಕಿದ. "ಸರೀಪಾ, ಹಿಂದ ಕುಂತವರಿಗೆ ಕಾಣವಲ್ದು" ಎಂದರು ಬೀಗರು.