ಸೂರಿನಡಿಯ ಎರಡನೆಯವಳು

ಜೂನ್ ಕೊನೆಯ ವಾರ, ಮಲ್ಲೇಶ್ವರದ ನಮ್ಮ ಗಲ್ಲಿಯಲ್ಲಿ ರವಿಕೆ ಹೊಲಿಯುವ ಅಂಗಡಿಯ ಸೂರಿನಡಿ ಒಂಟಿ ಹೆಣ್ಣು ಕಣಜ ಗೂಡು ಹೂಡಿತು. ಕಾಚಿನ ಬಣ್ಣದ ಮೈ, ಹೊಟ್ಟೆಯ ಸುತ್ತ ಅರಿಸಿನದ ಉಂಗುರ: ರೊಪಾಲಿಡಿಯಾ ಮಾರ್ಜಿನೇಟಾ. ಮಳೆಗೆ ಬೂದುಗಟ್ಟಿದ ಮರವನ್ನು ಹೆರೆದು, ಎಂಜಲಲ್ಲಿ ಅಗಿದು, ಎಳೆಯೆಳೆಯಾಗಿ ಹಚ್ಚಿದ ಆರುಮೂಲೆಯ ಕಾಗದದ ಕೋಣೆಗಳು ಒಂದೇ ತೊಟ್ಟಿಗೆ ಜೋತಿದ್ದವು.

ಹಾರುವ ಮುನ್ನ ಅವಳು ಕೋಣೆಕೋಣೆಗೂ ಮುಖವಿಟ್ಟು ಮೀಸೆಯಾಡಿಸುವಳು. ಹಾರಿದಳೋ, ಗೂಡು ಬರಿದು. ಗೋಡೆಯಲ್ಲಿ ಇರುವೆ ಸಾಲು ಏರುತ್ತಿದ್ದರೆ ಅವಳು ಬರುವತನಕ ನನ್ನ ಎದೆ ಡವಗುಟ್ಟುತ್ತಿತ್ತು. ಕೆಳಗೆ ಹೊಲಿಯುವ ಅಕ್ಕನೂ ದಾರದುಂಡೆ ತರಲು ಹೊರಟರೆ ಶಟರ್ ಅರ್ಧ ಎಳೆದು, ನಾಲ್ಕು ಹೆಜ್ಜೆ ನಡೆದು, ತಿರುಗಿ ನೋಡುತ್ತಿದ್ದರು.

ಮೊಟ್ಟೆಯಿಂದ ರೆಕ್ಕೆಯವರೆಗೆ ಸುಮಾರು 2 ತಿಂಗಳು. ಆಗಸ್ಟ್ ಮುಗಿಯುತ್ತಿರುವಾಗ ಒಂದು ಕೋಣೆಯ ಬಿಳಿ ರೇಷ್ಮೆಯ ಮುಚ್ಚಳ ಒಳಗಿನಿಂದ ಹರಿಯಿತು. ಮೊದಲು ಮೀಸೆ, ಆಮೇಲೆ ಮುದುಡಿದ ರೆಕ್ಕೆಯ ಮಗಳು. ಇನ್ನು ತಾಯಿಗೆ ಹಗುರ ಎಂದುಕೊಂಡೆ. ಹಾಗಾಗಲಿಲ್ಲ. ಎಳೆಯವಳು ಗೂಡು ಬಿಟ್ಟು ಕದಲಲೇ ಇಲ್ಲ. ಬೇಟೆಯ ಹುಳುವನ್ನು ಅಗಿದು ಉಂಡೆ ಮಾಡಿ ತರುವವಳು ತಾಯಿಯೇ. ಮಗಳು ಅದರಲ್ಲೊಂದು ಪಾಲು ಕಿತ್ತು ಮರಿಹುಳುಗಳ ಬಾಯಿಗೆ ಇಡುವಳು. ಆದರೂ ಒಂದು ಮಾತ್ರ ಬದಲಾಗಿತ್ತು: ತಾಯಿ ಹೊರಟಾಗ ಗೂಡು ಬರಿದಾಗುತ್ತಿರಲಿಲ್ಲ.

ಅಂಗಡಿಗೂ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹುಡುಗಿಯೊಬ್ಬಳು ಬಂದಿದ್ದಳು, ಹೆಮ್ಮಿಂಗಿಗೆ. "ಅಕ್ಕಾ, ಇದು ಸರಿಯಾ?" ಎಂದು ಗಳಿಗೆಗೊಮ್ಮೆ ಎದ್ದು ಬರುವಳು. ಮೊದಲ ವಾರ ಅವಳು ಹಾಕಿದ ಹುಕ್ಕುಗಳನ್ನು ಅಕ್ಕ ರಾತ್ರಿ ಕೂತು ಬಿಚ್ಚಿ, ಮತ್ತೆ ಹಾಕುತ್ತಿದ್ದರು.

ನಮ್ಮ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಎನ್.ವಿ. ಜೋಶಿ ಇದೇ ಕಣಜಗಳಿಗೆ ಬಣ್ಣದ ಚುಕ್ಕೆಯಿಟ್ಟು ಬಹುಕಾಲ ನೋಡಿ, 1983ರಲ್ಲಿ ಅವನ್ನು ಮೂರು ಬಗೆಯಾಗಿ ಗುರುತಿಸಿದರು: ಕೂರುವವರು, ಕಾದಾಡುವವರು, ಹೊರಗೆ ಅರಸಿ ತರುವವರು. ರಾಣಿ ಇರುವುದು ಕೂರುವವರ ಗುಂಪಿನಲ್ಲಿ. ನನ್ನ ಗೂಡಿನ ಒಡತಿಗೆ ಕೂರಲು ಬರುವುದೆಂದು ಅಷ್ಟು ದಿನ ನನಗೆ ಅನ್ನಿಸಿಯೇ ಇರಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಗಳು ಹಾರಿದಳು. ಗೂಡಿಗೇ ಮುಖಮಾಡಿ, ಎಡಕ್ಕೆ ಬಲಕ್ಕೆ ತುಯ್ದು, ಒಂದಕ್ಕಿಂತ ಒಂದು ಅಗಲವಾದ ಕಮಾನು ಬರೆಯುತ್ತ ಹಿಂದಕ್ಕೆ ಸರಿದು, ಬೇವಿನ ಮರದಾಚೆ ಮರೆಯಾದಳು. ತಾಯಿ ಗೂಡಿನ ಬೆನ್ನ ಮೇಲೆ ರೆಕ್ಕೆ ಮಡಿಸಿ ಕೂತೇ ಇದ್ದಳು.

ಕೆಳಗೆ ಶಟರ್ ಪೂರ್ತಿ ಮೇಲಿತ್ತು. ಅಕ್ಕ ದಾರ ತರಲು ಹೋಗಿದ್ದರು. ಒಳಗೆ ಹುಡುಗಿ ಪಾಚಿಹಸಿರು ರವಿಕೆಯ ಮೇಲೆ ಬಾಗಿ, ಹಲ್ಲಿನಲ್ಲಿ ನೂಲು ಕಡಿಯುತ್ತಿದ್ದಳು.