ಮೀನು ಬಾಯಿ ಕಳೆದರೆ ಹಸಿವಲ್ಲ



ನಮ್ಮ ತರಗತಿಯ ಕಿಟಕಿ ಪಕ್ಕದ ಗಾಜಿನ ತೊಟ್ಟಿ ನಿಮಗೆಲ್ಲಾ ಗೊತ್ತೇ ಇದೆ. ಅದರಲ್ಲಿ 12 ಗಪ್ಪಿ ಮೀನು ಇದ್ದವು. ಈಗ 7 ಇವೆ. ಉಳಿದ 5 ಯಾಕೆ ಸತ್ತವು ಅಂತ ಬಹಳ ಜನ ಕೇಳಿದಿರಿ. ತಪ್ಪು ನನ್ನದೇ. ಅದಕ್ಕೇ ಈ ಲೇಖನ.

ಗಪ್ಪಿ ಬಹಳ ಚಿಕ್ಕ ಮೀನು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸೊಳ್ಳೆಯ ಮರಿಹುಳುಗಳನ್ನು ತಿನ್ನುವುದರಿಂದ ಆರೋಗ್ಯ ಇಲಾಖೆಯವರು ಇದನ್ನು ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ.

ಬೇಸಿಗೆಯ ಒಂದು ಸೋಮವಾರ. ತೊಟ್ಟಿ ನೋಡಿಕೊಳ್ಳುವ ಪಾಳಿ ನನ್ನದು. ನೀರು ಬದಲಿಸಿ ಹದಿನೈದು ದಿನವಾಗಿತ್ತು. ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಮೀನೂ ಮೇಲಕ್ಕೆ ಬಂದು ಬಾಯಿ ಕಳೀತಾ ಇದ್ವು. "ಪಾಪ, ಹಸಿದಿವೆ ಕಣೋ" ಅಂದ ನನ್ನ ಗೆಳೆಯ. ಬಿಸಿಯೂಟದ ಅನ್ನ ಒಂದು ಹಿಡಿ ಹಾಕಿದೆ. ಮಂಗಳವಾರ ಇನ್ನೂ ಜಾಸ್ತಿ ಬಾಯಿ ಕಳೆದವು. ಇನ್ನೊಂದು ಹಿಡಿ ಹಾಕಿದೆ. ಬುಧವಾರ ನೀರು ಗಂಜಿಯ ಹಾಗಾಗಿ ನಾತ ಹೊಡೀತಿತ್ತು. 5 ಮೀನು ಮಗುಚಿ ತೇಲುತ್ತಿದ್ದವು.

ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. "ಅವು ಅನ್ನ ಕೇಳಲಿಲ್ಲ ಕಣೋ, ಉಸಿರು ಕೇಳಿದವು" ಅಂದರು. ಅವರು ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೀನು ತನ್ನ ಕಿವಿರುಗಳಿಂದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತದೆ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಾದರೆ ಸುಮಾರು 7.5 ಮಿಲಿಗ್ರಾಂ ಮಾತ್ರ. ಅಂದರೆ ಸೆಖೆ ಹೆಚ್ಚಾದಷ್ಟೂ ಉಸಿರು ಕಮ್ಮಿ. ಮಿಕ್ಕ ಅನ್ನ ಕೊಳೆಯುವಾಗ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಅಮೋನಿಯಾ ಎಂಬ ವಿಷವೂ ನೀರಿಗೆ ಸೇರುತ್ತದೆ. ಗಾಳಿ ತಾಗುವ ಮೇಲ್ಪದರದಲ್ಲಿ ಮಾತ್ರ ಸ್ವಲ್ಪ ಆಮ್ಲಜನಕ ಉಳಿದಿರುತ್ತದೆ. ಅದಕ್ಕೇ ಮೀನು ಮೇಲೆ ಬರುತ್ತವೆ.

ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ನೋಡಿದ್ದೀರಲ್ಲ? ಅಷ್ಟು ಅಗಲದ ಕೆರೆಯಲ್ಲಿ ಅಲೆ ಎದ್ದು ಗಾಳಿ ನೀರಿಗೆ ಬೆರೆಯುತ್ತದೆ. ನಮ್ಮ ತೊಟ್ಟಿಯಲ್ಲಿ ಅಲೆ ಎಲ್ಲಿಂದ ಬರಬೇಕು? ಆದರೆ ಹಸಿರು ಪಾಚಿ ತುಂಬಿದ ಕೆರೆಯಲ್ಲೂ ಬೆಳಗಿನ ಜಾವ ಮೀನು ಹೀಗೆ ಬಾಯಿ ಕಳೆಯುವುದುಂಟು. ಪಾಚಿ ಹಗಲು ಆಮ್ಲಜನಕ ಬಿಟ್ಟರೂ ರಾತ್ರಿ ತಾನೇ ಹೀರುತ್ತದೆ.

ಮೀನಿನ ಇನ್ನೂ ಕೆಲವು ನಡತೆಗಳು:

1. ಕಲ್ಲಿಗೆ ಮೈ ಉಜ್ಜಿದರೆ ತುರಿಕೆ ಇರಬಹುದು. ಮೈಮೇಲೆ ಬಿಳಿ ಚುಕ್ಕೆ ಇದೆಯಾ ನೋಡಿ.
2. ರಾತ್ರಿ ಅಲುಗಾಡದೆ ನಿಂತರೆ ಕಾಯಿಲೆಯಲ್ಲ, ನಿದ್ದೆ. ಮೀನಿಗೆ ರೆಪ್ಪೆ ಇಲ್ಲದ್ದರಿಂದ ಕಣ್ಣು ಮುಚ್ಚುವುದಿಲ್ಲ.
3. ಕೊರವ ಮೀನು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಅದರ ಸ್ವಭಾವ.

ನಾವು ಮಾಡಬೇಕಾದ್ದು:

1. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು.
2. ಒಂದೇ ಸಲ ಎಲ್ಲಾ ನೀರು ಚೆಲ್ಲಬಾರದು. ಮೂರರಲ್ಲಿ ಒಂದು ಪಾಲು ಬದಲಿಸಿದರೆ ಸಾಕು.
3. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಅದರ ಕ್ಲೋರಿನ್ ಮೀನಿಗೆ ವಿಷ. ಆದ್ದರಿಂದ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಆಮೇಲೆ ಹಾಕಬೇಕು.
4. ಮೀನು ಬಾಯಿ ಕಳೆದರೆ ತೊಟ್ಟಿಯ ನೀರನ್ನೇ ಲೋಟದಲ್ಲಿ ತೆಗೆದು ಮೇಲಿಂದ ಸುರಿಯಬೇಕು. ಗಾಳಿ ಬೆರೆಯುತ್ತದೆ.

ಹೀಗೆ ಮಾಡಿದ್ದರಿಂದ ಉಳಿದ 7 ಮೀನು ಬದುಕಿದವು. ನಿಮ್ಮ ಪಾಳಿ ಬಂದಾಗ ಮೊದಲು ನೀರಿನ ವಾಸನೆ ನೋಡಿ. ಅನ್ನದ ಮಾತು ಆಮೇಲೆ.

– 7ನೇ ತರಗತಿ